ಮೊದಲೇ ಉಂಡ ಕೌದಿ

ನನಗೆ ದೇವರ ಮೇಲಿರುವುದಕ್ಕಿಂತ ಹೆಚ್ಚಿನ ಭಕ್ತಿ ನಾಳೆಯ ಮೇಲಿದೆ. ದೇವರಿಗೆ ಸೋಮವಾರಕ್ಕೊಮ್ಮೆ ಕೈಮುಗಿದರೆ ನಾಳೆಗೆ ದಿನವೂ ಕೈಮುಗಿಯುತ್ತೇನೆ. ಮುಲ್ಕಿ ಪರೀಕ್ಷೆ ಪಾಸಾದವಳು, ನಾಲ್ಕು ಪುಸ್ತಕ ಓದಿದವಳು ಎಂದು ನಮ್ಮ ಓಣಿಯಲ್ಲಿ ನನಗೆ ಒಂದಿಷ್ಟು ಹೆಸರಿದೆ. ಅಂಥವಳಿಗೆ ಹಳೆಯ ಸೀರೆ ಕೂಡಿಸಿ ಮೊಳದುದ್ದದ ಒಂದು ತೊಟ್ಟಿಲ ಕೌದಿ ಹೊಲಿಯುವುದು ವರ್ಷದಿಂದ ಆಗಿರಲಿಲ್ಲವೆಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಗಂಟು ಇದ್ದೇ ಇರುತ್ತದೆ.

ನನ್ನ ಗಂಟು ಟ್ರಂಕಿನಲ್ಲಿತ್ತು. ಅದರಲ್ಲಿ ನಮ್ಮ ಅವ್ವನ ಹಳೆಯ ಇಳಕಲ್ಲ ಸೀರೆಗಳಿದ್ದವು. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ, ಮುಂದೆ ಹುಟ್ಟುವ ಮೊಮ್ಮಗುವಿನ ಕೌದಿಗೆಂದು ತಂದಿಟ್ಟವು. ಮಗಳು ಗಿರಿಜೆಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಅವಳು ಬೆಳೆದದ್ದೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ಅಜ್ಜಿಯ ತೊಡೆಯ ಮೇಲೆಯೇ. ತನ್ನ ಕೂಸು ಮೊದಲು ಮಲಗುವುದು ಆಯಿಯ ಸೀರೆಯ ಮೇಲೆಯೇ ಆಗಬೇಕೆಂದು ಅವಳಿಗೆ ಆಸೆ. ಯುಗಾದಿಗೆ ಬಬಲೇಶ್ವರಕ್ಕೆ ಹೋಗಿ ಬಂದ ನಮ್ಮ ಮನೆಯವರು ಅಂಗಿ ಕಳಚುವ ಮೊದಲೇ ಅವಳು ಹೇಳಿ ಕಳಿಸಿದ್ದನ್ನು ನನಗೆ ಒಪ್ಪಿಸಿದರು. ಅವಳಿಗೆ ಬಾಣಂತನದ ಅಂಜಿಕೆ ಹತ್ತಿದೆಯಂತೆ. ಬೇರೇನೂ ಬೇಡ, ಆ ಕೌದಿಯೊಂದು ಮಾಡಿಡು ಅಂದಳಂತೆ. ಕಾರಹುಣ್ಣಿಮೆ ಮುಗಿದ ಮೇಲೆ ಅವಳನ್ನು ಕರೆತರುವುದೆಂದು ಮಾತಾಗಿತ್ತು.

ನಾನು ಅಂದೇ ಟ್ರಂಕು ತೆಗೆದೆ. ಗಂಟು ಮುಟ್ಟಿ ನೋಡಿದೆ. ಮತ್ತೆ ಟ್ರಂಕು ಮುಚ್ಚಿದೆ.

ಸೋಮಾರಿ ಎಂದರೆ ಸುಮ್ಮನೆ ಬಿದ್ದುಕೊಂಡಿರುವವನು ಎಂದು ತಿಳಿದವರು ಸೋಮಾರಿತನ ಮಾಡಿಯೇ ಇಲ್ಲ. ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ಎಷ್ಟು ಕೆಲಸ ಮಾಡಬೇಕಾಗುತ್ತದೆಂಬುದು ನನಗೆ ಗೊತ್ತು. ಆ ಕೌದಿಯ ದೆಸೆಯಿಂದ ನಮ್ಮ ಮನೆಯ ಜೋಳವೆಲ್ಲ ಹಸನಾಯಿತು. ಉಪ್ಪಿನಕಾಯಿ ಜಾಡಿಗೆ ಬಿತ್ತು. ಹಿತ್ತಲಿನ ಗೋಡೆ ಸಾರಣೆಯಾಯಿತು. ಅರಕೇರಿಯಲ್ಲಿರುವ ನಮ್ಮವರ ದೂರದ ಸಂಬಂಧಿಯೊಬ್ಬಳು, ಬಾಯಿ ತೆಗೆದರೆ ತನ್ನ ಸೊಸೆಯನ್ನು ಬಯ್ಯುವವಳು, ಅವಳನ್ನು ಕೂಡ ನಾನಾಗಿಯೇ ಹೋಗಿ ಮಾತಾಡಿಸಿ ಬಂದೆ. ಯಾರಾದರೂ ಕೌದಿಯ ಮಾತೆತ್ತಿದರೆ ಸಿದ್ಧ ಉತ್ತರವಿತ್ತು. ಈಗ ಯುದ್ಧದ ಕಾಲ, ಅರಿವೆಗೆ ಕಂಟ್ರೋಲು ಬಂದಿದೆ, ಕತ್ತರಿ ಅಡ್ಡಾದಿಡ್ಡಿ ಹೋದರೆ ಮತ್ತೆ ತರುವುದು ಎಲ್ಲಿಂದ, ವಿಚಾರ ಮಾಡಿ ಶುರು ಮಾಡಬೇಕು. ಎಲ್ಲರೂ ತಲೆದೂಗುತ್ತಿದ್ದರು. ನೆವಗಳ ತೊಂದರೆಯೇ ಇದು, ಅವು ಸುಳ್ಳಾಗಿರುವುದಿಲ್ಲ.

ನಮ್ಮ ವಿಜಾಪುರದ ನೀರೇ ಹೀಗಿರಬಹುದು ಎಂದೂ ಸಮಾಧಾನ ಮಾಡಿಕೊಂಡೆ. ಬಾರಾ ಕಮಾನನ್ನು ನೋಡಿರಿ. ಅರಸನೊಬ್ಬ ತನ್ನ ಗೋರಿಗೆಂದು ಎಬ್ಬಿಸಿದ್ದು. ಮಾಳಿಗೆಯಿಲ್ಲ, ಗುಮ್ಮಟವಿಲ್ಲ, ಕಮಾನುಗಳಷ್ಟೇ ಆಕಾಶ ನೋಡುತ್ತ ನಿಂತಿವೆ. ಆಳುಕಾಳು, ಆನೆ, ಬೊಕ್ಕಸ ಎಲ್ಲ ಇದ್ದವನಿಗೇ ಮುಗಿಸಲಾಗಲಿಲ್ಲ, ಕಿರಾಣಿ ಅಂಗಡಿಯವನ ಹೆಂಡತಿ ನಾನು ಯಾವ ಲೆಕ್ಕ? ಆದರೆ ಈ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಅರಸ ಕಮಾನುಗಳನ್ನಾದರೂ ಎಬ್ಬಿಸಿದ್ದ. ನಾನು ಸೂಜಿಗೆ ದಾರ ಕೂಡ ಪೋಣಿಸಿರಲಿಲ್ಲ.

ಕಾರಹುಣ್ಣಿಮೆಯ ಮರುದಿನ ತಿಕೋಟಾದಿಂದ ನಮ್ಮ ಚಿಗವ್ವ ಬಂದಳು, ಅವ್ವನ ತಂಗಿ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಿಂದ ಓಡುವ ಮೋಟಾರು ಅವಳನ್ನು ಅರ್ಧ ದಾರಿ ಕೂಡಿಸಿ, ಅರ್ಧ ದಾರಿ ನಡೆಸಿ ತಂದು ಮುಟ್ಟಿಸಿತ್ತು. ನೀರು ಕುಡಿದು, ಗಂಟು ಎಲ್ಲಿದೆ ಎಂದಳು. ತಂದಿಟ್ಟೆ. ಬಯ್ಯುತ್ತಾಳೆಂದು ತಲೆ ತಗ್ಗಿಸಿ ಕೂತೆ. ಅವಳು ಮೇಲಿನ ಸೀರೆಯ ಮೇಲೆ ಕೈಯಾಡಿಸಿ, ಅದರ ಅಂಚನ್ನು ಬೆರಳಿನಿಂದ ಸವರಿದಳು.

"ಇದು ಮೈಗಳ್ಳತನ ಅಲ್ಲ ಬೇ," ಅಂದಳು ಆಮೇಲೆ. "ಅಕ್ಕನ ಸೀರಿಗೆ ಕತ್ತರಿ ಹಚ್ಚಾಕ ನಿನ್ನ ಕೈ ಬರವಲ್ದು. ನನ್ನ ಕೈಯೂ ಬರೂದಿಲ್ಲ."

ನನಗೆ ಅಳು ಬಂತು. ಇಷ್ಟು ದಿನ ನನ್ನನ್ನು ನಾನೇ ಸೋಮಾರಿ ಎಂದು ಬಯ್ದುಕೊಂಡಿದ್ದೆ. ಅದು ದುಃಖ ಎಂದು ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ನಮ್ಮ ಕಡೆ ಕೌದಿ ಮುಗಿಯುವಾಗ ಕೊನೆಯ ಮೂಲೆಯಲ್ಲಿ ಹೋಳಿಗೆಯ ಚೂರೊಂದನ್ನಿಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನಂಬಿಕೆ. ಚಿಗವ್ವ ಈ ಪದ್ಧತಿಯನ್ನೇ ತಿರುವಿಹಾಕಿದಳು. ಕೌದಿಯ ಅಡಿಪದರಕ್ಕೆಂದು ತೆಗೆದಿಟ್ಟಿದ್ದ ನಮ್ಮವರ ಹಳೆಯ ಧೋತರದ ತುಂಡನ್ನು ಎಳೆದುಕೊಂಡು, ಮೂಲೆ ಮಡಚಿ, ಹುಣ್ಣಿಮೆಯ ಹೋಳಿಗೆ ಮುರಿದಿಟ್ಟು ಹೊಲಿದೇ ಬಿಟ್ಟಳು.

"ಇದಕ್ಕ ಉಣಿಸೀನಿ ನೋಡವಾ. ಉಂಡದ್ದನ್ನ ಅರ್ಧಕ್ಕ ಬಿಡಬ್ಯಾಡ."

ಸಂಜೆ ಅವಳು ಊರಿಗೆ ಹೋದಳು. ನೀವು ಈಗ ನಾನು ಮರುದಿನವೇ ಸೂಜಿ ಹಿಡಿದೆ ಎಂದುಕೊಂಡಿರುತ್ತೀರಿ. ಇಲ್ಲ. ಒಂದು ಮೂಲೆಯಂತೂ ಆಯಿತಲ್ಲ ಎಂಬ ತೃಪ್ತಿಯಿಂದ ಆ ತುಂಡನ್ನು ಸೀರೆಗಳ ಮೇಲಿಟ್ಟು ಟ್ರಂಕು ಮುಚ್ಚಿದೆ.

ಮುಂದಿನದನ್ನು ಇರುವೆಗಳು ಮಾಡಿದವು. ಕೆಲವು ದಿನಗಳ ಮೇಲೆ ಕಸ ಹೊಡೆಯುವಾಗ ನೋಡುತ್ತೇನೆ, ಹೊಸ್ತಿಲಿಂದ ಟ್ರಂಕಿನವರೆಗೆ ಕೆಂಪಿರುವೆಗಳ ಸಾಲು ಯಾತ್ರೆಯ ದಿಂಡಿಯಂತೆ ಹೊರಟಿದೆ. ಬೆಲ್ಲ ಹಾಕಿದ ಹೋಳಿಗೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಇರುವೆ ಬರುತ್ತದೆಂದು ಮುಲ್ಕಿ ಪಾಸಾದವಳಿಗೆ ಹೊಳೆಯದೇ ಹೋಗಿತ್ತು. ಅವ್ವನ ಸೀರೆ ಕಡಿದುಬಿಟ್ಟರೆ? ನಾಳೆಗೆ ಕೈಮುಗಿಯಲು ಪುರುಸೊತ್ತಾಗಲಿಲ್ಲ. ಗಂಟನ್ನು ಅಂಗಳಕ್ಕೆ ಹೊತ್ತು ಬಿಚ್ಚಿ, ಕೊಡವಿ, ಬಿಸಿಲಿಗೆ ಹರವಿದೆ. ಹೋಳಿಗೆಯ ಮೂಲೆಯನ್ನೂ ಬಿಚ್ಚಿ ಝಾಡಿಸಿದೆ.

ಸೀರೆಗಳಿಗೆ ಏನೂ ಆಗಿರಲಿಲ್ಲ. ಅವ್ವ ಹೋದ ಮೇಲೆ ಅವನ್ನು ಪೂರ್ತಿ ಬಿಚ್ಚಿ ನೋಡಿದ್ದು ಅಂದೇ. ಹಸಿರು ಸೀರೆಯ ಸೆರಗಿನಲ್ಲಿ ಉದ್ದಕ್ಕೆ ಒಂದು ಪಟ್ಟಿಯೇ ಇರಲಿಲ್ಲ. ಇರುವೆಗಳದಲ್ಲ, ಕೈಯಿಂದ ಹರಿದದ್ದು. ಆಗ ನೆನಪಾಯಿತು. ನಾನು ಸಣ್ಣವಳಿದ್ದಾಗ ಕಳ್ಳಕವಟಗಿಯ ನಮ್ಮ ಹೊಲದಲ್ಲಿ ಕಾಲಿಗೆ ಕುಡಗೋಲು ತಾಗಿತ್ತು. ಅವ್ವ ಉಟ್ಟ ಸೀರೆಯ ಸೆರಗನ್ನೇ ಪರ್ರನೆ ಹರಿದು ಕಟ್ಟಿದಳು. ಹೊಸಾ ಸೀರೆಯೆಂದು ಸೋದರತ್ತೆ ಮರುಗಿದ್ದಕ್ಕೆ ಅವಳು ಅಂದದ್ದು ಇಷ್ಟೇ: "ಸೀರಿ ಮತ್ತ ಬರ್ತೇತಿ. ಕಾಲ ಬರ್ತೇತೇನು?"

ನಾನು ಮುಟ್ಟಲು ಅಂಜುತ್ತಿದ್ದ ಸೀರೆಯನ್ನು ಅವ್ವನೇ ಎಂದೋ ಹರಿದಿದ್ದಳು, ಅದೂ ನನಗಾಗಿ. ಒಳಗೆ ಹೋಗಿ ಕತ್ತರಿ ತಂದೆ. ಅವಳು ಹರಿದು ಬಿಟ್ಟಲ್ಲಿಂದಲೇ ಶುರು ಮಾಡಿದೆ.

ಅಂದು ನನಗೆ ಹುರುಪೇನೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಒಂದು ಸಾಲು ಹೊಲಿದು ಎದ್ದರಾಯಿತು ಎಂದೇ ಕೂತದ್ದು. ಹುರುಪು ಬಂದ ಮೇಲೆ ಕೆಲಸ ಹಿಡಿಯಬೇಕೆಂದು ವರ್ಷವೆಲ್ಲ ಕಾದೆ. ಅದು ತಿಕೋಟಾದ ಮೋಟಾರಿನಂತೆ, ನಿಂತು ಕಾದವರಿಗೆ ಸಿಗುವುದಿಲ್ಲ, ನಡೆಯಲು ಹತ್ತಿದವರ ಹಿಂದಿನಿಂದ ಕೆಮ್ಮುತ್ತ ಬಂದು ಹತ್ತಿಸಿಕೊಳ್ಳುತ್ತದೆ. ಸಂಜೆಗೆ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಒಂದೊಂದು ಬದಿ ಹಿಡಿದರು. ಸಂತೆಗೆಂದು ವಿಜಾಪುರಕ್ಕೆ ಬಂದಿದ್ದ ಅರಕೇರಿಯವಳೂ ಬಂದಳು. ಸೊಸೆಯನ್ನು ಬಯ್ಯುತ್ತಲೇ ಎಲ್ಲರಿಗಿಂತ ಸಣ್ಣ ಹೊಲಿಗೆ ಹಾಕಿದಳು.

ಆದರೆ ಕೂಸು ನಮ್ಮ ನಾಳೆಗಳನ್ನು ಕೇಳಿ ಬರುವುದಿಲ್ಲ. ಗಿರಿಜೆ ಬಂದ ವಾರದಲ್ಲೇ ಹೆತ್ತಳು. ಹೆಣ್ಣು ಕೂಸು. ಕೌದಿಯ ಒಂದು ಮೂಲೆ, ಚಿಗವ್ವ ಮೊದಲು ಉಣಿಸಿದ ಆ ಮೂಲೆಯೇ, ಇನ್ನೂ ಬಿಚ್ಚಿಕೊಂಡಿತ್ತು. ಪೂರ್ತಿ ಮಾಡಿ ಕೊಡುತ್ತೇನೆ, ಒಂದು ದಿನ ತಡಿ ಎಂದೆ. ಗಿರಿಜೆ ಕೇಳಲಿಲ್ಲ. ಕೈ ಚಾಚಿ ಇಸಿದುಕೊಂಡು, ಅದರಲ್ಲಿ ಮುಖ ಇಟ್ಟಳು.

"ಯವ್ವಾ, ಆಯಿ ವಾಸನಿ ಬರ್ತೇತಿ," ಅಂದಳು. ಆಮೇಲೆ ಕೂಸನ್ನು ಅದರ ಮೇಲೆ ಮಲಗಿಸಿದಳು. ಬಾಣಂತನದ ಅಂಜಿಕೆ ಅವಳ ಮುಖದಿಂದ ಅಂದು ಇಳಿಯಿತು. ಅರೆಬರೆ ಕೌದಿಯ ಮೇಲೂ ಕೂಸು ಬೆಚ್ಚಗೆ ನಿದ್ದೆ ಹೋಯಿತು.

ಇವತ್ತು ಹೆಸರಿಡುವ ದಿನ. ಅವ್ವನ ಹೆಸರನ್ನೇ ಇಟ್ಟೆವು. ಚಿಗವ್ವ ಬಂದಿದ್ದಾಳೆ. ತಾಟಿನಲ್ಲಿ ಹೋಳಿಗೆಯ ಚೂರು ಮುರಿದಿಟ್ಟಿದೆ, ಸೂಜಿಗೆ ದಾರ ಪೋಣಿಸಿದೆ, ನನಗೆ ಎಂದೂ ಇಲ್ಲದ ಹುರುಪು ಬಂದಿದೆ. ಆದರೆ ತೊಟ್ಟಿಲಲ್ಲಿರುವ ನಮ್ಮ ಸಣ್ಣ ಅವ್ವ ಸರಿಯಾಗಿ ಆ ಮೂಲೆಯ ಮೇಲೇ ಕಾಲಿಟ್ಟುಕೊಂಡು ಮಲಗಿಬಿಟ್ಟಿದ್ದಾಳೆ. ಎಬ್ಬಿಸಬೇಡ ಎಂದು ಚಿಗವ್ವ ಕಣ್ಣಲ್ಲೇ ಗದರುತ್ತಾಳೆ. ವರ್ಷವೆಲ್ಲ ಕೌದಿ ನನಗಾಗಿ ಕಾದಿತ್ತು. ಈಗ ನಾನು ಸೂಜಿ ಹಿಡಿದು, ಹೋಳಿಗೆಗೆ ಬರುವ ಇರುವೆ ಓಡಿಸುತ್ತ, ಅವಳು ಏಳುವುದನ್ನೇ ಕಾಯುತ್ತ ಕೂತಿದ್ದೇನೆ.