ಇದ್ದಿಲಿನ ಗೆರೆಗಳು

ನರ್ಸ್ ಕೆಲಸದ ಮೇಲೆ ಕೆಂಭಾವಿಯ ಒಂದು ಮನೆಗೆ ಹೋದಾಗ, ಆ ಮನೆಯ ಸೊಸೆ ಮಟಮಟ ಮಧ್ಯಾಹ್ನ ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ತಿಂಗಳಾ ಗಾಳಿ ಬಡೀತದ್ರಿ ಸಿಸ್ಟರ್. ಅಳ್ತಾಳ, ಬೈತಾಳ, ಆಮ್ಯಾಲ ತಾನೇ ಬಿಟ್ಟು ಹೋಗ್ತದ" ಅಂತ ಅತ್ತೆ ಪಿಸುಗುಟ್ಟಿದರು. ಗಾಳಿ ಬಂದ ದಿನಗಳಿಗೆಲ್ಲ ಕ್ಯಾಲೆಂಡರಿನಲ್ಲಿ ಇದ್ದಿಲಿನ ಗೆರೆ ಎಳೆದಿದ್ದರು. ಸೊಸೆಯನ್ನು ಕೇಳಿ ಮುಟ್ಟಾದ ದಿನಗಳಿಗೆ ನಾನು ಕೆಂಪು ಸುತ್ತು ಹಾಕಿದೆ. ಪ್ರತಿ ಸುತ್ತಿಗೂ ಮುಂಚೆ ನಾಲ್ಕೈದು ಕಪ್ಪು ಗೆರೆ.

"ಗಾಳಿ ಅಲ್ಲರಿ, ಮುಟ್ಟಿನ ಮುಂಚಿನ ತ್ರಾಸು. ಕೆಲಸ ಕಮ್ಮಿ ಹಚ್ರಿ, ಹೊತ್ತಿಗೆ ಉಣ್ಣಾಕ ಕೊಡ್ರಿ. ತಡಕೊಳ್ಳಾಕ ಆಗದಿದ್ರ ದವಾಖಾನಿಗೆ ಕರ್ಕೊಂಡ ಬರ್ರಿ" ಅಂದೆ.

ಸೊಸೆ ಮೆಲ್ಲಗೆ ತಿರುಗಿದಳು. "ನಿಮ್ಮ ಮನ್ಯಾಗ ಯಾರು ಗೆರಿ ಹಾಕ್ತಾರ್ರಿ?"

ನಕ್ಕು ಎದ್ದುಬಂದೆ. ಸಂಜೆ ಸುರಪುರದ ನಮ್ಮ ಮನೆಯ ಕ್ಯಾಲೆಂಡರ್ ತಿರುವಿದರೆ, ನನ್ನ ಪ್ರತಿ ಮುಟ್ಟಿಗೂ ಮುಂಚೆ ಐದೈದು ಸಣ್ಣ ಚುಕ್ಕೆ. ನನ್ನ ಗಂಡನ ಹಸಿರು ಪೆನ್ನು. ನಾಳೆಯ ತಾರೀಖಿಗೂ ಆಗಲೇ ಇಟ್ಟಾಗಿತ್ತು.