ಹಾಲನ್ನದ ತೋಳ

ತೋಳದ ಮರಿಗೆ ಹಾಲನ್ನ ಹಾಕಿ ಸಾಕಿದ ಪುಣ್ಯಾತ್ಗಿತ್ತಿ ನಾನು. ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಇವತ್ತಿಗೂ ಪೂರ್ತಿ ನಗು ಬರುವುದಿಲ್ಲ.

ಅರವತ್ತರ ದಶಕದ ಮಾತು. ಅಪ್ಪ ಸಾಗರದಲ್ಲಿ ದನದ ಡಾಕ್ಟರು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಊರಿಗೊಂದು ಬಡ ಸರ್ಕಸ್ಸು ಬಂತು. ಅವರ ಹೆಣ್ಣುತೋಳ ಬೋನಿನಲ್ಲೇ ಮೂರು ಮರಿ ಹಾಕಿ, ಹಾಲು ಕೊಡದೆ ಮುಖ ತಿರುಗಿಸಿ ಮಲಗಿತು. ಮಾಲೀಕ ಮರಿಗಳನ್ನು ಬುಟ್ಟಿಯಲ್ಲಿ ತಂದು ನಮ್ಮ ಜಗಲಿಯ ಮೇಲಿಟ್ಟ. "ಹೊಸನಗರ, ತೀರ್ಥಹಳ್ಳಿ ಮುಗಿಸ್ಕೊಂಡು ಯುಗಾದಿ ಹೊತ್ಗೆ ವಾಪಸ್ ಬರ್ತೀವಿ ಡಾಕ್ಟ್ರೇ. ಬದುಕಿದ್ರೆ ಕೊಡಿ" ಅಂದ.

ಅಮ್ಮ ತಮ್ಮನ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ಮನೆಯಲ್ಲಿ ಅಪ್ಪನ ಅಮ್ಮನದೇ ಕಾರುಬಾರು. ಅಜ್ಜಿ ಮಹಾ ಮಡಿಯವಳು. ಆದರೂ ಕಣ್ಣು ಬಿಡದ ಆ ಮರಿಗಳನ್ನು ನೋಡಿ ಮೊದಲು ಕರಗಿದವಳೇ ಅವಳು. ನನ್ನ ಇಂಕಿನ ಫಿಲ್ಲರನ್ನು ಬಿಸಿನೀರಲ್ಲಿ ತೊಳೆದುಕೊಟ್ಟಳು. ಅದರಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸಿದೆವು. ಮರಿಗಳು ಉಚ್ಚೆ ಹೊಯ್ಯದೆ ಹೊಟ್ಟೆ ಉಬ್ಬಿಸಿಕೊಂಡಾಗ, "ತಾಯಿ ನೆಕ್ಕಿರೆ ಮಾತ್ರ ಬರ್ತು ಕೂಸೆ" ಎಂದು ಒದ್ದೆಬಟ್ಟೆಯಿಂದ ಹೊಟ್ಟೆ ಒರೆಸುವುದನ್ನು ಕಲಿಸಿದಳು. ತಾಯಿ ಸತ್ತ ಕರುಗಳನ್ನು ಸಾಕಿ ಅವಳಿಗೆ ಗೊತ್ತಿತ್ತು.

ತಿಂಗಳಾದ ಮೇಲೆ ಅಪ್ಪ, ಇನ್ನು ಮೂಳೆ ಸಮೇತ ಮಾಂಸ ಹಾಕಬೇಕು, ಆಸ್ಪತ್ರೆಯ ಜವಾನ ಕೊಚ್ಚಿ ತಂದುಕೊಡುತ್ತಾನೆ ಎಂದು ನನಗೆ ಹೇಳಿ, ದನಗಳಿಗೆ ಸೂಜಿಹಾಕಲು ಹಿನ್ನೀರಿನಾಚೆ ಬ್ಯಾಕೋಡಿನ ಕಡೆ ಹೋದರು. ಬರುತ್ತಿದ್ದುದು ಭಾನುವಾರ ರಾತ್ರಿ ಮಾತ್ರ, ಮರಿಗಳು ಮಲಗಿದ ಮೇಲೆ. ಅಜ್ಜಿಯ ಕಾನೂನು ಒಂದೇ: "ಮಾಂಸ ಮುಟ್ಟಿದ್ದು ಹೊಸ್ಲು ದಾಟ್ಲಾಗ."

ಮೂರರಲ್ಲಿ ಸಣ್ಣದು ನನ್ನದು. ಒಂದು ಕಿವಿ ಮಡಚಿಕೊಂಡ, ನನ್ನ ಲಂಗದ ಮೇಲೇ ನಿದ್ದೆ ಮಾಡುವ ಹೆಣ್ಣುಮರಿ. ಅದನ್ನು ಕೊಟ್ಟಿಗೆಗೆ ಅಟ್ಟುವುದೇ? ಸಾಧ್ಯವೇ ಇಲ್ಲ. ಎರಡಕ್ಕೆ ಕೊಟ್ಟಿಗೆಯಲ್ಲಿ ಮಾಂಸ ಬಿತ್ತು. ನನ್ನದಕ್ಕೆ ಒಳಗೆ ಹಾಲನ್ನ. ಅಪ್ಪ ಭಾನುವಾರ ಕೇಳಿದರೆ ಮೂರಕ್ಕೂ ಹಾಕಿದ್ದೇನೆ ಅನ್ನುತ್ತಿದ್ದೆ. ಅಜ್ಜಿಗೋ, ಇದಕ್ಕೆ ಹಾಲನ್ನವೇ ಸಾಕೆಂದು ಅಪ್ಪನೇ ಹೇಳಿದ್ದಾರೆ ಅಂದಿದ್ದೆ. "ಹಿಂದಿನ ಜನ್ಮದಲ್ಲಿ ಭಟ್ಟರ ಮನೆ ಕೂಸಾಗಿತ್ತು ಕಾಣ್ತು" ಎಂದು ಅವಳು ತುಪ್ಪವನ್ನೂ ಬಡಿಸಿದಳು. ಮಾಲೀಕ ಇದೊಂದನ್ನು ಬಿಟ್ಟುಹೋಗಲಪ್ಪಾ ಎಂದು ನಾನು ದಿನಾ ದೀಪದ ಹೊತ್ತಿಗೆ ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಯುಗಾದಿಗೆ ಅಪ್ಪ ರಜೆ ಹಾಕಿ ಬಂದರು. ಹೋಳಿಗೆಗೆಂದು ಕೂತವರು ನನ್ನ ಮರಿ ಅಡುಗೆಮನೆಯಿಂದ ಬರುವುದನ್ನು ನೋಡುತ್ತಲೇ ಎದ್ದರು. ಮುಂಗಾಲುಗಳು ಹೊರಕ್ಕೆ ಬಾಗಿದ್ದವು. ಎರಡು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ದಿನವೂ ಎತ್ತಿಕೊಂಡೇ ತಿರುಗುತ್ತಿದ್ದ ನನಗೆ ಅದು ಕಂಡೇ ಇರಲಿಲ್ಲವೋ, ಕಂಡರೂ ಬೇಡವಾಗಿತ್ತೋ! ಅಪ್ಪ ಆ ಕಾಲನ್ನು ಬೆರಳಲ್ಲಿ ಸವರಿ, "ಇದಕ್ಕೆ ಎಂತ ಹಾಕ್ತಾ ಇದ್ದೆ?" ಎಂದರು.

ಹೇಳಿದೆ.

"ಮೂಳೆಗೆ ಸತ್ವವೇ ಇಲ್ಲೆ. ಹೊಟ್ಟೆ ತುಂಬ ಹಾಕಿ ಉಪವಾಸ ಕೆಡವಿದ್ದೆ ನೀನು" ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾಲ್ಕು ದಿನಕ್ಕೆ ಮಾಲೀಕ ಬಂದ. ಕೊಟ್ಟಿಗೆಯವೆರಡು ಅವನ ಕೈಯಿಂದ ಕೊಸರಿಕೊಂಡು ಅಂಗಳ ಪೂರ್ತಿ ಓಡಿದವು. ಹಿಡಿಯಲು ಅರ್ಧ ಗಂಟೆ ಬೇಕಾಯಿತು. ನನ್ನದು ನಾಲ್ಕು ಹೆಜ್ಜೆ ಇಟ್ಟು ಕೂತಿತು. "ಇದು ನಮಗೆ ಬ್ಯಾಡ ಡಾಕ್ಟ್ರೇ, ನೀವೇ ಇಟ್ಕೊಳ್ಳಿ" ಎಂದು ಅವನು ಹೊರಟುಹೋದ. ದೇವರು ನಾನು ಕೇಳಿದ್ದನ್ನೇ ಕೊಟ್ಟಿದ್ದ. ಕೊಟ್ಟಿಗೆಯ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಬೆಳಿಗ್ಗೆ ಅಜ್ಜಿ ಜವಾನನಿಂದ ಮೊಟ್ಟೆ ತರಿಸಿದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಮುಖ ಆಚೆ ತಿರುಗಿಸಿ, ತಾನೇ ಒಡೆದು ಮರಿಯ ಬಾಯಿಗೆ ಸುರಿದಳು. ನಾನು ಮಾಡುತ್ತೇನೆ ಅಂದರೆ ಕೇಳಲಿಲ್ಲ. "ಪಾಪ ನಿಂದೊಂದೇ ಅಲ್ಲ, ಎನ್ನದೂ ಇದ್ದು" ಎಂದು ಬಾವಿಕಟ್ಟೆಗೆ ಸ್ನಾನಕ್ಕೆ ಹೋದಳು. ಹಾಗೇ ದಿನಾ. ಮೊಟ್ಟೆ ತಿಂದದ್ದು ಹೊಸ್ತಿಲು ದಾಟಿ ಒಳಗೇ ಬರುತ್ತಿತ್ತು. ಅಜ್ಜಿ ಒಂದು ದಿನವೂ ತಡೆಯಲಿಲ್ಲ.

ಅದು ಆರು ವರ್ಷ ಬದುಕಿತು. ಕಾಲು ನೆಟ್ಟಗಾಗಲಿಲ್ಲ. ನಾನು ಸ್ಕೂಲಿನಿಂದ ಬರುವುದನ್ನು ಜಗಲಿಯಿಂದಲೇ ಕಂಡು, ಬಾಲ ಬೀಸುತ್ತ, ಬೀಳುತ್ತ ಏಳುತ್ತ ಗೇಟಿನ ತನಕ ಬರುತ್ತಿತ್ತು. ಹತ್ತು ಮಾರು ದೂರ. ನಾನು ಓಡಿಹೋಗಿ ಎತ್ತಿಕೊಳ್ಳಲು ಹೊರಟರೆ ಅಜ್ಜಿ ಜಗಲಿಯಿಂದಲೇ, "ನಿಲ್ಲು. ಅದೇ ಬರ್ಲಿ" ಅನ್ನುತ್ತಿದ್ದಳು. ನಾನು ಚೀಲ ಹೊತ್ತು ನಿಂತೇ ಇರುತ್ತಿದ್ದೆ, ಅದು ಬಂದು ನನ್ನ ಕಾಲು ಮುಟ್ಟುವ ತನಕ.