ಹಿಂದಕ್ಕೆ ಹರಿಯದ ರಕ್ತ

ಕೂದಲೆಳೆಯಂಥ ರಕ್ತನಾಳ, ಲೋಮನಾಳದ ಗೋಡೆ ದಪ್ಪ ಎಂದುಬಿಟ್ಟೆ. ಶಿರಸಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು, "ಅದು ಒಂದೇ ಕೋಶದಷ್ಟು ತೆಳು ಮಾರಾಯ, ನಿನ್ನ ಚರ್ಮದ ಹಂಗಲ್ಲ. ನಿತ್ಕ!" ಎಂದು ಪಿರಿಯಡ್ ಪೂರ್ತಿ ನಿಲ್ಲಿಸಿದರು. ತರಗತಿಯೆಲ್ಲ ನಕ್ಕಿತು. ಸೇಡು ತೀರಿಸಲೇಬೇಕೆಂದುಕೊಂಡೆ.

ಮಂಚಿಕೇರಿಯ ತಾಳಮದ್ದಳೆಯಲ್ಲಿ ಅವಕಾಶ ಸಿಕ್ಕಿತು. ಮೇಷ್ಟ್ರು ಸಂಧಾನಕ್ಕೆ ಬಂದ ಕೃಷ್ಣ, ನಾನು ಕೌರವ. ಅರ್ಥ ಹೇಳುವಾಗ ಅವರದೇ ಕೆಮ್ಮು, ಅವರದೇ ಮೂಗುದನಿ ತೆಗೆದೆ: "ಕೃಷ್ಣಾ, ಅಭಿಧಮನಿಯಲ್ಲಿ ಕವಾಟಗಳಿರುವುದರಿಂದ ರಕ್ತ ಹಿಂದಕ್ಕೆ ಹರಿಯದು. ನಾನೂ ಹಿಂದೆ ಸರಿಯೆ!" ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಹೊಟ್ಟೆ ತಣ್ಣಗಾಯಿತು.

ಕೃಷ್ಣನೂ ಮೆಲ್ಲಗೆ ನಕ್ಕ. "ಕೌರವಾ, ಬಹಳ ಹೊತ್ತು ನಿಂತವರ ಕಾಲಲ್ಲಿ ಆ ಕವಾಟಗಳೇ ಸೋತು ರಕ್ತನಾಳಗಳು ಉಬ್ಬುತ್ತವೆ. ನಾಳೆ ನನ್ನ ತರಗತಿಯಲ್ಲಿ ನಿಂತು ನೋಡುವೆಯಂತೆ."

ಮರುದಿನ ನಿಂತೆ. ನಿಂತಲ್ಲೇ, ಮುಂದಿನ ತಾಳಮದ್ದಳೆಗೆಂದು, ಅವರ ಆ ಮೆಲುನಗುವನ್ನೂ ಕಲಿತೆ.